ಎರಡನೇ ಭಾಗ ನೋಡದವರು

ಕಾಂಕ್ರೀಟಿಗೆ ಕಾಯುವ ವ್ಯವಧಾನ ಇಲ್ಲ ಎಂಬುದು ಕ್ಯಾಮೆರಾ ಹಿಡಿದವರಿಗೆ ಅರ್ಥವಾಗುವುದೇ ಇಲ್ಲ. "ಇನ್ನೊಂದು ಸಲ ಮಾಡೋಣ ಮೇಡಂ" ಎಂದು ಆರಾಮಾಗಿ ಹೇಳಿಬಿಡುತ್ತಾರೆ. ಅಷ್ಟರಲ್ಲಿ ಬಾಂಡ್ಲಿಯಲ್ಲಿ ಕಲಸಿಟ್ಟ ಮಾಲು ಬಿಗಿಯಾಗತೊಡಗಿರುತ್ತದೆ. ಅದನ್ನು ಎಸೆದು, ಬಾಂಡ್ಲಿ ಉಜ್ಜಿ ತೊಳೆದು, ಮರಳು, ಜಲ್ಲಿ, ಸಿಮೆಂಟು ಎಲ್ಲವನ್ನೂ ಮತ್ತೆ ಅಳೆದು ಕಲಸಬೇಕು. ಕಲಸುವ ಕೈ ಮೇಡಂದು. ನಿವೃತ್ತಿ ಹತ್ತಿರ ಬಂದ ಕೈ. ಸಂಜೆಯಾದರೆ ತುತ್ತು ಎತ್ತುವುದಕ್ಕೂ ತಕರಾರು ತೆಗೆಯುತ್ತದೆ.

ವಿದ್ಯಾರ್ಥಿಗಳು ಅವರಿಗೆ ಇಟ್ಟ ಹೆಸರು ಕಾಂಕ್ರೀಟ್ ಮೇಡಂ. ಈ ಹೆಸರು ತಮ್ಮ ಗುಟ್ಟು ಎಂದು ಪ್ರತಿ ವರ್ಷದವರೂ ನಂಬಿರುತ್ತಾರೆ. ಮೇಡಂ ಆ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ.

ತಾಂತ್ರಿಕ ಕಾಲೇಜಿನ ಆ ಲ್ಯಾಬಿಗೆ ಕ್ಯಾಮೆರಾ ಬಂದದ್ದು ಮೇಲಿನವರ ಆಸೆಯಿಂದ. ಪಾಠಗಳೆಲ್ಲ ಪುಟ್ಟ ಪುಟ್ಟ ವಿಡಿಯೋಗಳಾಗಬೇಕು, ಜನ ಬಸ್ಸಿಗೆ ಕಾಯುತ್ತ ಕಾಯುತ್ತಲೇ ಕಲಿತುಬಿಡಬೇಕು ಎಂದು ಅವರ ಲೆಕ್ಕಾಚಾರ. ಅದಕ್ಕೆಂದು ಒಬ್ಬ ಯುವಕನನ್ನು ನೇಮಿಸಿದರು. ಮೇಡಂ ಅವನನ್ನು ಕತ್ತರಿ ಎಂದು ಕರೆಯುತ್ತಿದ್ದರು. ವಿಡಿಯೋ ತೆಗೆದು ತುಂಡು ಮಾಡುವ ಅವನ ಕೆಲಸಕ್ಕೆ ಬೇರೆ ಹೆಸರೇ ಇರಲಿಲ್ಲ. ಅವನೂ ಸಿಟ್ಟಾಗದೆ ಓಗೊಡುತ್ತಿದ್ದ. ಒಳ್ಳೆಯವನೇ, ಪಾಪ. ಒಳ್ಳೆಯವರ ಜೊತೆ ಜಗಳವಾಡುವುದೇ ಹೆಚ್ಚು ಸುಸ್ತು.

ಮೇಡಂಗೆ ಒಂದು ಹಳೆಯ ಕ್ರಮ ಇತ್ತು. ಮೊದಲು ತಪ್ಪನ್ನು ಮಾಡಿ ತೋರಿಸುವುದು, ಆಮೇಲೆ ಸರಿಯಾದದ್ದನ್ನು. ಸರಿಯಾದದ್ದನ್ನೇ ಮೊದಲು ಹೇಳಿದರೆ ಹುಡುಗರು ತಲೆಯಾಡಿಸುತ್ತ ಕೂತಲ್ಲೇ ತೂಕಡಿಸುತ್ತಾರೆ. ತಪ್ಪನ್ನು ಮಾಡಿ, ಅದು ಕಣ್ಣೆದುರೇ ಮುರಿದುಬಿದ್ದರೆ ಹಿಂದಿನ ಬೆಂಚಿನವರಿಗೂ ನಿದ್ದೆ ಹಾರಿಹೋಗುತ್ತದೆ. ಇಷ್ಟು ವರ್ಷ ಈ ಕ್ರಮ ಕೈಕೊಟ್ಟಿರಲಿಲ್ಲ. ಆದರೆ ಕ್ಲಾಸಿಗೆ ಒಂದು ಬಾಗಿಲು ಇರುತ್ತದೆ, ಪಾಠ ಮುಗಿಯುವವರೆಗೆ ಅದು ಮುಚ್ಚಿರುತ್ತದೆ. ಫೋನಿಗೆ ಬಾಗಿಲಿಲ್ಲ. ಅರ್ಧಕ್ಕೇ ಎದ್ದುಹೋದವರನ್ನು ಹಿಂದಕ್ಕೆ ಕರೆಯುವವರು ಯಾರು?

ನೀರಿನ ಪಾಠದಲ್ಲಿ ಆದದ್ದು ಅದೇ. ಮೇಡಂ ಕಲಸಿದ ಮಾಲಿಗೆ ಬೇಕೆಂದೇ ಹೆಚ್ಚು ನೀರು ಸುರಿದರು. ಮಾಲು ಹಾಲಿನಂತೆ ಹರಿದು ಅಚ್ಚಿನ ಮೂಲೆಮೂಲೆಗೆ ತಾನೇ ಹೋಗಿ ಕೂತಿತು. ಮೇಲ್ಮೈ ಕನ್ನಡಿಯಂತೆ ಹೊಳೆಯಿತು. "ನೋಡಿ, ಎಷ್ಟು ಸಲೀಸು" ಎಂದು ಮೇಡಂ ಕ್ಯಾಮೆರಾ ನೋಡಿ ನಕ್ಕರು. ಕ್ಲಾಸಿನಲ್ಲಿ ಆ ನಗೆಯ ಅರ್ಥ ಎಲ್ಲರಿಗೂ ಗೊತ್ತಿತ್ತು. ಇನ್ನೇನು ಗ್ರಹಚಾರ ಕಾದಿದೆ ಎಂದು. ಮುಂದೆ, ಗಟ್ಟಿಯಾದ ಮೇಲೆ, ಆ ತುಂಡನ್ನೂ ಹದವಾಗಿ ನೀರು ಹಾಕಿದ ಇನ್ನೊಂದು ತುಂಡನ್ನೂ ಪಕ್ಕಪಕ್ಕ ಇಟ್ಟು ಭಾರ ಹೇರಿದರು. ಮೊದಲನೆಯದು ಬಿಸ್ಕತ್ತಿನಂತೆ ಮುರಿಯಿತು. ಕಾರಣವನ್ನು ಬಿಡಿಸಿ ಹೇಳಿದರು.

ಕತ್ತರಿ ಅದನ್ನು ಎರಡು ಭಾಗ ಮಾಡಿದ. "ನೋಡಿ, ಎಷ್ಟು ಸಲೀಸು" ಎಂಬಲ್ಲಿಗೆ ಮೊದಲ ಭಾಗ ಮುಗಿಯಿತು. ಅದು ಕಾಡುಕಿಚ್ಚಿನಂತೆ ಹಬ್ಬಿತು. ಎರಡನೆಯದನ್ನು ಕೇಳುವವರೇ ಇರಲಿಲ್ಲ.

ಮೇಡಂ ಹೋಗಿ ಹೇಳಿದ್ದರು. "ಅಲ್ಲಪ್ಪಾ, ಬರೀ ತಪ್ಪನ್ನೇ ಊರಿಗೆಲ್ಲ ಹಂಚಿದ ಹಾಗಾಯ್ತಲ್ಲ ಇದು."

"ಎರಡನೇ ಭಾಗ ಇದೆಯಲ್ಲ ಮೇಡಂ. ಬೇಕಾದವರು ನೋಡ್ತಾರೆ ಬಿಡಿ" ಎಂದ ಕತ್ತರಿ.

ಇನ್ನೊಮ್ಮೆ ಹೇಳಬೇಕು ಎಂದುಕೊಂಡರು. ಅಷ್ಟರಲ್ಲಿ ಪರೀಕ್ಷೆಗಳು ಬಂದವು, ಮಂಡಿ ನೋವು ಬಂತು, ಮಾತು ಹಾಗೇ ಉಳಿಯಿತು.

ಒಂದು ಮಧ್ಯಾಹ್ನ ಅವರು ಬಾಂಡ್ಲಿ ತೊಳೆಯುತ್ತಿದ್ದಾಗ ಅಕ್ಕನ ಫೋನು ಬಂತು. ಅಕ್ಕ ಟೈಲರ್. ಅವಳು ಮಾತಾಡಿದರೆ ಹಿಂದೆ ಹೊಲಿಗೆ ಯಂತ್ರದ ಸದ್ದು ಇದ್ದೇ ಇರುತ್ತಿತ್ತು. ಅಂದು ಇರಲಿಲ್ಲ.

"ಪುಟ್ಟೀ, ಭಾನುವಾರ ಬಂದುಬಿಡೇ. ಸೆಂಟ್ರಿಂಗ್ ಹಲಗೆ ಬಿಚ್ಚೋರು ಬರ್ತಾರೆ. ನೀನೇ ಎದುರಿಗೆ ನಿಂತಿರಬೇಕು."

"ಯಾವ ಸೆಂಟ್ರಿಂಗ್?"

"ನಿನ್ನ ರೂಮಿಂದು. ತಾರಸಿ ಹಾಕಿ ಆಯ್ತು. ಹೇಳಿದ್ರೆ ರಜ ಹಾಕಿ ಓಡಿಬರ್ತೀಯ, ಮೊದಲೇ ಸುಸ್ತಾಗಿದೀಯ. ನಿನಗ್ಯಾಕೆ ತೊಂದರೆ ಅಂತ ಸುಮ್ಮನಿದ್ದೆ. ಹೇಗಿದ್ರೂ ನೀನು ಫೋನಲ್ಲೇ ಇದೀಯಲ್ಲ. ಮೇಸ್ತ್ರಿಗೆ ನಿನ್ನ ವಿಡಿಯೋ ತೋರಿಸಿದೆ. ನೀನು ಹಾಕಿದ ಹಾಗೇ ಹಾಕಿದ್ರು. ಎಷ್ಟು ಚೆನ್ನಾಗಿ ಹರೀತು ಅಂತೀಯ, ಥೇಟ್ ಹಾಲು."

ಮೇಡಂ ಕೈಯಲ್ಲಿದ್ದ ಬಾಂಡ್ಲಿಯನ್ನು ನೆಲಕ್ಕಿಟ್ಟರು. ಬರುತ್ತೇನೆ ಎಂದಷ್ಟೇ ಹೇಳಿದರು.

ಆ ರೂಮು ಅಕ್ಕನ ಮನೆಯ ಮೇಲೆ ಏಳುತ್ತಿದ್ದದ್ದು ಮೇಡಂಗಾಗಿಯೇ. ಮದುವೆ ಆಗಲಿಲ್ಲ, ಮನೆ ಕಟ್ಟಲಿಲ್ಲ. ಜನರ ಮನೆಗಳಿಗೆ ಬೇಕಾದ ಕಾಂಕ್ರೀಟಿನ ಪಾಠ ಹೇಳುತ್ತಲೇ ವಯಸ್ಸು ಕಳೆಯಿತು. ಬಾಡಿಗೆ ಕೋಣೆಗೆ ಹತ್ತುವ ಮೆಟ್ಟಿಲುಗಳು ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತಿದ್ದವು. ನಿವೃತ್ತಿಯಾದ ಮಾರನೇ ದಿನವೇ ಪೆಟ್ಟಿಗೆ ಎತ್ತಿಕೊಂಡು ಬಂದುಬಿಡು ಎಂದು ಅಕ್ಕ ಹೇಳಿಟ್ಟಿದ್ದಳು. ಪಾಠದ ನಡುವೆ ಸುಸ್ತಾದಾಗಲೆಲ್ಲ ಮೇಡಂ ಇನ್ನೂ ಹುಟ್ಟಿರದ ಆ ರೂಮಿಗೆ ಮನಸ್ಸಿನಲ್ಲೇ ಹೋಗಿ ಮಲಗಿ ಬರುತ್ತಿದ್ದರು. ಅವರಿಗೆ ಬೇಕಿದ್ದದ್ದು ಅದೊಂದೇ.

ಭಾನುವಾರ ಬಸ್ಸು ಹತ್ತುವಾಗ ಚೀಲದಲ್ಲಿ ಟವೆಲಿನಲ್ಲಿ ಸುತ್ತಿದ ಲ್ಯಾಬಿನ ಸುತ್ತಿಗೆ ಇತ್ತು. ಸುತ್ತಿಗೆ ಎಂದು ಹೆಸರು, ನೋಡಲು ಕೊಳವೆ. ಕಾಂಕ್ರೀಟಿಗೆ ಒತ್ತಿಹಿಡಿದರೆ ಒಳಗಿನ ಸ್ಪ್ರಿಂಗು ಬಡಿದು ಹಿಂದಕ್ಕೆ ಪುಟಿಯುತ್ತದೆ. ಗಟ್ಟಿ ಇದ್ದರೆ ಜೋರಾಗಿ ಪುಟಿಯುತ್ತದೆ, ಸೊರಗಿದ್ದರೆ ಸುಮ್ಮನಾಗುತ್ತದೆ. ದಾರಿಯುದ್ದಕ್ಕೂ ಮೇಡಂ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡು ಕೂತರು. ಅಕ್ಕ ಮಾತಿಗೆ ಬಣ್ಣ ಹಚ್ಚುವವಳು, ಅಷ್ಟೇನೂ ನೀರು ಹಾಕಿಸಿರಲಿಕ್ಕಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ಅಕ್ಕ ಬಾಗಿಲಲ್ಲೇ ಕಾದಿದ್ದಳು. ಕೊರಳಲ್ಲಿ ಅಳತೆ ಟೇಪು. ಕೈ ಹಿಡಿದು ಸೀದಾ ಮೇಲಕ್ಕೆ ಕರೆದೊಯ್ದಳು. ತಾರಸಿಯ ಮೇಲೆ ಭಾವ ಪೈಪು ಹಿಡಿದು ನೀರು ಬಿಡುತ್ತ ನಿಂತಿದ್ದರು.

"ಬಾಮ್ಮ. ತಾರಸಿಗೆ ನೀರುಣಿಸೋ ನಿನ್ನ ಕ್ಯೂರಿಂಗ್ ವಿಡಿಯೋ ನೋಡಿದ ಮೇಲೆ ನನಗೆ ಇದೇ ನೌಕರಿ. ಒಂದು ದಿನ ತಪ್ಪಿಸಿಲ್ಲ ನೋಡು" ಎಂದರು ಭಾವ. ಅವರ ಪಾಯಿಜಾಮದ ತುದಿ ಒದ್ದೆಯಾಗಿತ್ತು. ಆ ಒದ್ದೆ ತುದಿ ಕಂಡೇ ಮೇಡಂಗೆ ಅಳು ಬಂದಂತಾಯಿತು.

ಮೇಸ್ತ್ರಿ ಕಬ್ಬಿಣದ ಸಲಾಕೆ, ದೊಡ್ಡ ಸುತ್ತಿಗೆ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಎದ್ದು ನಿಂತು ನಕ್ಕ. ಮೇಡಂ ಅವನನ್ನೇ ಕೇಳಿದರು, ನೀರು ಎಷ್ಟು ಹಾಕಿದಿರಿ ಎಂದು.

"ಲೆಕ್ಕ ಯಾರಿಟ್ಟಿದಾರೆ ಮೇಡಂ. ನಿಮ್ಮ ವಿಡಿಯೋದಲ್ಲಿ ಹರಿದ ಹಾಗೆ ಹರಿಯೋವರೆಗೂ ಹಾಕಿ ಅಂದ್ರು ನಿಮ್ಮ ಅಕ್ಕ. ನಮಗೂ ಕೆಲಸ ಹಗುರ ಆಗುತ್ತೆ, ಬೇಡ ಅಂತೀವಾ?"

ಮೇಡಂ ಭಾವನಿಗೆ ನೀರು ನಿಲ್ಲಿಸಲು ಹೇಳಿ, ರೂಮಿನೊಳಗೆ ಹೋಗಿ ಏಣಿ ಹತ್ತಿದರು. ಹಲಗೆಗಳ ನಡುವೆ ಕಾಣುತ್ತಿದ್ದ ತೊಲೆಯ ಬದಿಗೆ ಲ್ಯಾಬಿನ ಸುತ್ತಿಗೆ ಒತ್ತಿದರು. ಎಷ್ಟು ಪುಟಿಯಿತೆಂದು ತೋರಿಸುವ ಮುಳ್ಳು ಸ್ವಲ್ಪವೇ ಏರಿ ನಿಂತಿತು. ಇನ್ನೊಂದು ತುದಿಗೆ ಹೋಗಿ ಒತ್ತಿದರು, ಅಲ್ಲೂ ಅಷ್ಟೇ. ಮೂಲೆಗಳಲ್ಲಿ, ನಡುವೆ, ಎಲ್ಲ ಕಡೆ ಒತ್ತಿ ನೋಡಿದರು. ಬೀಗದ ಕೈಯಿಂದ ಕೆರೆದರೆ ಬಿಳಿ ಪುಡಿ ಉದುರಿತು.

"ಅದೇನೇ, ಡಾಕ್ಟರ ಹಾಗೆ ಎದೆ ನೋಡ್ತಿದೀಯ?" ಎಂದು ಅಕ್ಕ ಕೆಳಗಿನಿಂದ ನಕ್ಕಳು. "ಆಮೇಲೆ ನೋಡುವಿಯಂತೆ. ಇಲ್ಲಿ ಮಂಚ. ಕಿಟಕಿಗೆ ಪರದೆ ಆಗಲೇ ಹೊಲಿದಿಟ್ಟಿದೀನಿ, ಹಸಿರು ಬಣ್ಣದ್ದು. ತಾರಸಿ ಮೇಲೆ ನಿನಗೇ ಬೇರೆ ನೀರಿನ ಟ್ಯಾಂಕು, ಇನ್ನು ಮೇಲೆ ಬಕೆಟ್ ಹೊರೋ ಕೆಲಸ ಇಲ್ಲ."

ಕಿಟಕಿಯಿಂದ ಗಾಳಿ ಬರುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಆಯಿತು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಇದಕ್ಕಿಂತ ಕೆಟ್ಟ ತಾರಸಿಗಳು ಎಷ್ಟೋ ನಿಂತಿವೆ. ನಾಳೆಯೇ ಬೀಳುವುದಿಲ್ಲ, ಬೀಳದೆಯೂ ಇರಬಹುದು. ಒಡೆಸಿದರೆ ಅಕ್ಕ ಕೂಡಿಟ್ಟದ್ದೆಲ್ಲ ಮಣ್ಣುಪಾಲು, ಮತ್ತೆ ಯಾವಾಗ ಕಟ್ಟಿಸುತ್ತಾಳೋ. ಮೇಡಂಗೆ ಎಷ್ಟು ದಣಿವಾಗಿತ್ತೆಂದರೆ ಆ ನೆಲದ ಮೇಲೇ ಮಲಗಿಬಿಡಲು ಸಿದ್ಧರಿದ್ದರು. ಆದರೆ ಟ್ಯಾಂಕು ತುಂಬಿದ ಒಂದು ದಿನ ಅಕ್ಕ ಪರದೆ ಒಗೆದು ನೇತುಹಾಕಲು ಇದೇ ತಾರಸಿಯ ಕೆಳಗೆ ಬಂದು ನಿಲ್ಲುತ್ತಾಳೆ.

"ಮೇಸ್ತ್ರಿ, ಸೆಂಟ್ರಿಂಗ್ ಮುಟ್ಟಬೇಡಿ" ಎಂದು ಏಣಿಯ ಮೇಲಿಂದಲೇ ಹೇಳಿದರು. ಆಮೇಲೆ ಇಳಿದು ಬಂದು, "ಅಕ್ಕ, ಇದಕ್ಕೆ ಶಕ್ತಿ ಇಲ್ಲ. ಒಡೆಸಬೇಕು" ಎಂದರು.

ಅಕ್ಕನ ನಗು ಇನ್ನೂ ಮುಖದ ಮೇಲೇ ಇತ್ತು. "ಹುಚ್ಚು ಹಿಡಿದಿದೆಯಾ? ನೀನೇ ತೋರಿಸಿದ್ದು. ಎಷ್ಟು ಸಲೀಸು ಅಂತ ನಿನ್ನ ಬಾಯಲ್ಲೇ ಬಂತಲ್ಲ. ನಾನೇನು ಯಾರೋ ದಾರಿಹೋಕರ ಮಾತು ಕೇಳಿದೆನಾ?"

"ಅದು ತಪ್ಪು ಮಾಡಿ ತೋರಿಸಿದ್ದು. ಸರಿಯಾದದ್ದು ಎರಡನೇ ಭಾಗದಲ್ಲಿದೆ."

"ಎರಡನೇ ಭಾಗ ಇದೆ ಅಂತ ಯಾರು ಹೇಳಿದ್ರು ನನಗೆ?"

ಭಾವ ಮೆಟ್ಟಿಲ ಬಾಯಲ್ಲಿ ಪೈಪು ಹಿಡಿದುಕೊಂಡೇ ನಿಂತಿದ್ದರು. ಅಕ್ಕ ಸಿಮೆಂಟ್ ಚೀಲದ ಮೇಲೆ ಕುಸಿದು ಕೂತು, "ತೋರಿಸು" ಎಂದಳು.

ಇಬ್ಬರೂ ಅಕ್ಕಪಕ್ಕ ಕೂತು ಫೋನು ನೋಡಿದರು. ಪರದೆಯೊಳಗಿನ ಮೇಡಂ ಈಗ ಕೂತಿದ್ದವರಿಗಿಂತ ಕಡಿಮೆ ದಣಿದಂತೆ ಕಂಡರು. ಆ ಮೇಡಂ ಹೇಳುತ್ತಿದ್ದರು: "ಕಾಂಕ್ರೀಟ್ ಒಣಗಿ ಗಟ್ಟಿಯಾಗೋದಲ್ಲ. ಸಿಮೆಂಟು ನೀರನ್ನ ಕುಡಿದು ಕಲ್ಲಾಗುತ್ತೆ. ತನಗೆ ಎಷ್ಟು ಬೇಕೋ ಅಷ್ಟೇ ಕುಡಿಯುತ್ತೆ. ಹೆಚ್ಚಿಗೆ ಹಾಕಿದ ನೀರು ಒಳಗೇ ಜಾಗ ಹಿಡಿದು ಕೂತಿದ್ದು, ಆಮೇಲೆ ಆರಿಹೋಗುತ್ತೆ. ಅದು ಕೂತ ಜಾಗ ಮಾತ್ರ ಖಾಲಿ ಉಳಿಯುತ್ತೆ. ನಮ್ಮ ಕಣ್ಣಿಗೆ ಕಾಣಲ್ಲ. ಭಾರ ಬಿದ್ದಾಗ ಗೊತ್ತಾಗುತ್ತೆ." ತುಂಡು ಮುರಿಯಿತು. ಅಕ್ಕ ಕೊನೆಯವರೆಗೂ ನೋಡಿದಳು, ಬೆರಳು ಅಲ್ಲಾಡಿಸಲಿಲ್ಲ.

"ನಾನು ನೀರು ಬಿಟ್ಟಿದ್ದೂ ದಂಡವೇ?" ಎಂದು ಭಾವ ಮೆಲ್ಲಗೆ ಕೇಳಿದರು.

"ಇಲ್ಲ ಭಾವ. ಕಲಸುವಾಗ ಹೆಚ್ಚಾಗಬಾರದು ಅಷ್ಟೇ, ಗಟ್ಟಿಯಾದ ಮೇಲೆ ನೀರು ಬಿಡಲೇಬೇಕು. ನೀವು ಮಾಡಿದ್ದು ಸರಿಯಾಗೇ ಇದೆ" ಎಂದರು ಮೇಡಂ.

ಅಕ್ಕ ಕೊರಳಿನ ಟೇಪು ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ತಪ್ಪು ಹೊಲಿಗೆ ಮೇಲೆ ನಾನು ಯಾವತ್ತೂ ಇಸ್ತ್ರಿ ಹಾಕಿ ಕೊಟ್ಟಿಲ್ಲ" ಎಂದಳು. ಆಮೇಲೆ ತಲೆಯೆತ್ತಿ, "ಮೇಸ್ತ್ರಿ, ಮೇಲೆ ಹೋಗಿ ಒಂದು ಮೂಲೆ ಒಡೆದು ನೋಡಿ" ಎಂದಳು. ಮೇಸ್ತ್ರಿ ಇಬ್ಬರ ಮುಖವನ್ನೂ ನೋಡಿ, ದೊಡ್ಡ ಸುತ್ತಿಗೆ ಎತ್ತಿಕೊಂಡು ಹೋದ.

ಇನ್ನೇನು ಬೈಗುಳ ಬರುತ್ತದೆ ಎಂದು ಮೇಡಂ ಕಾದರು. ಬಂದರೆ ಹಗುರವಾಗುತ್ತಿತ್ತು. ಅಕ್ಕ ಬೈಯಲಿಲ್ಲ.

"ಆ ಮೊದಲನೇದನ್ನ ತುಂಬಾ ಜನ ನೋಡಿದಾರಾ ಪುಟ್ಟಿ?"

"ತುಂಬಾ."

"ನಾನು ನಿನ್ನ ಅಕ್ಕ. ನನಗೆ ಹೇಳೋಕೆ ನೀನು ಬಸ್ಸು ಹತ್ತಿ ಬಂದೆ. ಉಳಿದವರ ಮನೆಗೆ ಯಾರು ಹೋಗ್ತಾರೆ?"

ಮೇಡಂ ಫೋನು ತೆಗೆದು ಕತ್ತರಿಯ ನಂಬರು ಒತ್ತಿದರು. ಭಾನುವಾರ, ಅವನು ಎತ್ತಲಿಲ್ಲ. ಮತ್ತೆ ಒತ್ತಿದರು. ಮೇಲೆ ಮೊದಲ ಪೆಟ್ಟು ಬಿತ್ತು, ಹಲಗೆಗಳ ಸಂದಿಯಿಂದ ಪುಡಿ ಉದುರಿ ಅಕ್ಕನ ಕೂದಲ ಮೇಲೆ ಕೂತಿತು. ಎರಡನೇ ಪೆಟ್ಟಿಗೆ ಮೂಲೆ ಕಿತ್ತುಬಂದ ಸದ್ದು ಕೇಳಿಸಿತು. ಗಟ್ಟಿ ತಾರಸಿಯಾಗಿದ್ದರೆ ಮೇಸ್ತ್ರಿಯ ರಟ್ಟೆ ಸೋತು ಹೋಗಬೇಕಿತ್ತು.

"ಅಯ್ಯೋ, ಎಷ್ಟು ಸಲೀಸಾಗಿ ಬರ್ತಿದೆ ಮೇಡಂ" ಎಂದು ಅವನು ಮೇಲಿಂದ ಕೂಗಿ ಹೇಳಿದ.

ಮೇಡಂ ಕೇಳಿಸಿಕೊಂಡರು. ಫೋನು ಕಿವಿಗೆ ಒತ್ತಿಕೊಂಡೇ ಕೂತಿದ್ದರು. ಆ ಕಡೆ ರಿಂಗಾಗುತ್ತಲೇ ಇತ್ತು.