ಎಡಗಡೆ ಪಿನ್ನಿಗೆ ಕಂಬಿ ಹಿಡಿದವರು

ಮಧುರೆ ಶನಿಮಹಾತ್ಮನ ಆಣೆ, ಇದು ನಡೆದದ್ದೇ. ಬೇರೆ ದೇವರಾದರೆ ಆಣೆ ಇಟ್ಟು ಸುಳ್ಳು ಹೇಳಿ, ಆಮೇಲೆ ಒಂದು ಕಾಯಿ ಒಡೆದು ರಾಜಿ ಮಾಡಿಕೊಳ್ಳಬಹುದು. ಶನಿದೇವರ ಹತ್ತಿರ ಆ ಆಟ ನಡೆಯುವುದಿಲ್ಲ. ಅಷ್ಟು ಈ ಕೊಂಡಪ್ಪನಿಗೂ ಗೊತ್ತು.

ನನ್ನ ಹಳೇ ಲಾರಿಯನ್ನು ನೀವು ನೋಡಿರುತ್ತೀರಿ. ರಾಗಿ ಹುಲ್ಲು, ಕಲ್ಲು ಚಪ್ಪಡಿ, ಮದುವೆ ಮನೆಯ ಪಾತ್ರೆ, ಎಲ್ಲವನ್ನೂ ಹೊತ್ತಿದೆ. ಮುಂದಿನ ಚಕ್ರದ ಮೇಲೆ ಭಾರ ತಡೆಯುವ ಕಮಾನು ಪಟ್ಟಿ ಇರುತ್ತದಲ್ಲ, ಅದನ್ನು ಲಾರಿಗೆ ಹಿಡಿದಿಡುವ ಪಿನ್ನುಗಳು ಎರಡೂ ಕಡೆ ಸವೆದು ಹೋಗಿದ್ದವು. ಬ್ರೇಕ್ ಒತ್ತಿದರೆ ಸಾಕು, ಲಾರಿ ಎಡಕ್ಕೆ ಎಳೆಯುತ್ತಿತ್ತು. ಒಂದು ದಿನ ದೇವನಹಳ್ಳಿಗೆಂದು ಹೊರಟವನು ಎಡಕ್ಕೆ, ಇನ್ನೂ ಎಡಕ್ಕೆ, ಮತ್ತೂ ಎಡಕ್ಕೆ ಹೋಗಿ ಹೋಗಿ ನನ್ನ ಮನೆ ಮುಂದೆಯೇ ಬಂದು ನಿಂತೆ. ಬಂದದ್ದು ಬಂದಾಯಿತೆಂದು ಊಟ ಮಾಡಿ ಮಲಗಿದೆ.

ಕೊನೆಗೆ ಲಾರಿಯನ್ನು ಅಂಗಳದಲ್ಲೇ ಜಾಕಿ ಕೊಟ್ಟು ಎತ್ತಿ, ದಿಮ್ಮಿಯ ಮೇಲೆ ಕೂರಿಸಿ, ಮುಂದಿನ ಚಕ್ರ ಬಿಚ್ಚಿದೆ. ಲಾರಿ ನಿಂತ ಮೇಲೆ ಬಾಡಿಗೆಗೆ ಕರೆಯುವ ಫೋನೂ ನಿಂತಿತು. ಮನೆಯಲ್ಲಿ ನಾನೊಬ್ಬನೇ. ಮುದ್ದೆ ತಿರುವಿ ತಟ್ಟೆಗೆ ಹಾಕಿಕೊಂಡು, ಆ ಮುದ್ದೆಗೇ ಒಂದು ಕಥೆ ಹೇಳಿ ನುಂಗುತ್ತಿದ್ದೆ. ಮುದ್ದೆಯಲ್ಲಿ ಒಂದೇ ಕೊರತೆ. ನಗುವುದಿಲ್ಲ.

ಈ ಪಿನ್ನು ತೆಗೆಯುವುದು ಒಬ್ಬರ ಕೆಲಸವಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಒಬ್ಬರು ಅದರ ಮೇಲೆ ಕಬ್ಬಿಣದ ಕಂಬಿ ಇಟ್ಟು ಎರಡೂ ಕೈಯಲ್ಲಿ ಹಿಡಿಯಬೇಕು, ಇನ್ನೊಬ್ಬರು ದೊಡ್ಡ ಸುತ್ತಿಗೆ ಬೀಸಬೇಕು. ಏಟು ಒಂದು ಬೆರಳಷ್ಟು ತಪ್ಪಿದರೆ ಹಿಡಿದವರ ಕೈ ಹೋಯಿತು. ನಾನೊಬ್ಬನೇ ಕಂಬಿಗೆ ತಂತಿ ಸುತ್ತಿ ಹೊಡೆದು ನೋಡಿದೆ. ಕಂಬಿ ಹಾರಿತು. ಅದೇ ಹೊತ್ತಿಗೆ ಇಳಿಯುತ್ತಿದ್ದ ವಿಮಾನವೊಂದು ಹೆದರಿ ಮತ್ತೆ ಮೇಲಕ್ಕೆ ಹೋಯಿತು. ಕಂಬಿ ಸಿಕ್ಕಿದ್ದು ಪಕ್ಕದ ಹುರುಳಿ ಹೊಲದಲ್ಲಿ.

ಜನ ಬೇಕಾಯಿತು. ಹಾಲಿನ ಡೈರಿ ಹತ್ತಿರ ಮುನಿರಾಮಯ್ಯ ಕ್ಯಾನು ತೊಳೆಯುತ್ತಿದ್ದ.

"ಒಂದ್ಗಳಿಗೆ ಬಾರಣ್ಣ, ಕಂಬಿ ಹಿಡ್ಕೊಂಡ್ರೆ ಸಾಕು. ನಿನ್ ಕೈಗೆ ಸೋಕ್ಸಲ್ಲ."

"ನೀನು?" ಅವನು ಕ್ಯಾನು ಕೆಳಗಿಟ್ಟ. "ಘಾಟಿ ಬೆಟ್ಟ ಇಂಜಿನ್ ಆಫ್ ಮಾಡ್ಕೊಂಡು ಹತ್ತಿದೆ ಅಂದೋನು ನೀನು. ಚಿರತೆ ಕೈ ಅಡ್ಡ ಹಾಕಿ ಡ್ರಾಪ್ ಕೇಳ್ತು ಅಂದೋನು ನೀನು. ಈಗ ಕೈಗೆ ಸೋಕ್ಸಲ್ಲ ಅಂತೀಯ. ನಂಬ್ಲಾ?"

"ಚಿರತೆದು ನಿಜ ಕಣಣ್ಣ!"

"ಹಂಗಾದ್ರೆ ಆ ಚಿರತೇನೇ ಕರ್ಕೊಂಡ್ಬಾ, ಕಂಬಿ ಹಿಡೀಲಿ."

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಅಲ್ಲೇ ಹಾಲು ಹಾಕಲು ಬಂದಿದ್ದ ಕೆಂಪರಾಜನನ್ನು ಕೇಳಿದೆ. "ಗುರು, ನಿನ್ ಕಥೆಗೆ ಕಿವಿ ಕೊಡ್ತೀನಿ, ಕೈ ಕೊಡಲ್ಲ" ಎಂದು ಬೈಕು ಹತ್ತಿದ. ಇಷ್ಟು ಕಾಲ ಊರನ್ನೆಲ್ಲ ನಗಿಸಿದ್ದೇನೆ. ಆ ನಗುವಿನಲ್ಲಿ ಒಂದು ಕೈ ಹಿಡಿಯುವಷ್ಟು ನಂಬಿಕೆ ಇರಲಿಲ್ಲವೆಂದು ನಡೆದು ಬರುವಾಗ ಗೊತ್ತಾಯಿತು.

ಮನೆಗೆ ಬಂದರೆ ಅಂಗಳದಲ್ಲಿ ಅನುಸೂಯಮ್ಮ ನಿಂತಿದ್ದರು. ಹಿಂದಿನ ಬೀದಿಯವರು, ಒಂಟಿ ಹೆಂಗಸು. ಹುಲ್ಲು ಮುಚ್ಚಲೆಂದು ನಾನು ತಂದಿದ್ದ ಅವರ ಟಾರ್ಪಾಲು ವಾಪಸ್ ಕೇಳಲು ಬಂದಿದ್ದರು. ಬಿಚ್ಚಿದ ಚಕ್ರವನ್ನೂ ಕಂಬಿಯನ್ನೂ ನೋಡಿದರು.

"ಹಿಡಿಯೋರು ಸಿಗ್ಲಿಲ್ವಾ ಕೊಂಡಣ್ಣ?"

"ಸಿಕ್ತಾರಕ್ಕ. ಪೈಪೋಟಿ ಜಾಸ್ತಿ ಆಯ್ತು, ಯಾರನ್ನ ಕರೀಲಿ ಅಂತ ಯೋಚ್ನೆ ಮಾಡ್ತಾ..."

"ಬಾಯ್ಮುಚ್ಚು" ಎಂದು ಸೆರಗು ಸಿಕ್ಕಿಸಿ ಎಡಗಡೆ ಪಿನ್ನಿನ ಪಕ್ಕ ಕುಳಿತೇಬಿಟ್ಟರು. "ನಮ್ಮಪ್ಪ ಕೊಯಿರಾ ಬೆಟ್ಟದಾಗೆ ಕಲ್ಲು ಒಡೀತಿದ್ದ. ಉಳಿ ಹಿಡೀತಿದ್ದೋಳು ನಾನೇ. ಹಿಡಿದೋರು ಸುತ್ಗೆ ನೋಡ್ಬಾರ್ದು, ಹೊಡೆಯೋನ ಮುಖ ನೋಡ್ಬೇಕು. ಸುತ್ಗೆ ತಪ್ಪೋಕೆ ಮುಂಚೆ ಮುಖ ತಪ್ತದೆ. ನೀನು ಮಾತಾಡ್ಬೇಡ. ಮಾತಾಡಿದ್ರೆ ಎದ್ದೋಗ್ತೀನಿ."

ಕಂಬಿ ಹಿಡಿದು ನನ್ನ ಮುಖವನ್ನೇ ನೋಡುತ್ತಾ ಕುಳಿತರು.

ನಾನು ಕಥೆ ಹೇಳುವಾಗ ಜನ ನನ್ನ ಬಾಯಿ ನೋಡುತ್ತಾರೆ, ಮುಂದೇನು ಬಿಡುತ್ತಾನೋ ಎಂದು. ಮುಖ ನೋಡಿದವರು ಯಾರೂ ನೆನಪಾಗಲಿಲ್ಲ. ಸುತ್ತಿಗೆ ಎತ್ತಿದೆ.

"ಈಗ ಬ್ಯಾಡ" ಎಂದರು ಮೆಲ್ಲಗೆ. "ಉಸ್ರು ಬಿಡು. ಹ್ಞೂ, ಈಗ."

ಹೊಡೆದೆ. ಕಂಬಿ ಅಲುಗಲಿಲ್ಲ, ಅವರ ಕಣ್ಣೂ ಅಲುಗಲಿಲ್ಲ. ಮತ್ತೆ ಹೊಡೆದೆ. ತುಕ್ಕು ಉದುರಿತು. ಹೊಡೆಯುತ್ತಾ ಹೋದಂತೆ ಪಿನ್ನು ಆ ಕಡೆಯಿಂದ ಮೂಗು ತೂರಿಸಿ, ಕಡೆಗೆ ಠಣ್ಣನೆ ನೆಲಕ್ಕೆ ಬಿತ್ತು. ಪಿನ್ನು ಕೂರುವ ಹಳೇ ಬಳೆಯನ್ನು, ಅದೇ ಬುಷ್, ಬಡಿದು ತೆಗೆದು, ಹೊಸದು ಕೂರಿಸಿ, ಗ್ರೀಸ್ ಸವರಿ ಹೊಸ ಪಿನ್ನು ತಳ್ಳಿದೆ. ಅಷ್ಟೂ ಹೊತ್ತು ನಾನು ಒಂದು ಮಾತೂ ಆಡಲಿಲ್ಲ. ಈ ಭಾಗವನ್ನು ನಂಬುವುದು ಕಷ್ಟವೆಂದು ನನಗೂ ಗೊತ್ತು.

"ಕಾಫಿ ಕುಡ್ಕೊಂಡೋಗಕ್ಕ. ಬೆಲ್ಲದ್ದು."

"ಹಸು ಕರೀಬೇಕು ಕಣಣ್ಣ. ನಾಳೆ ನಂದಗುಡಿಗೆ ಹೊರಟೆ, ಮಗಳು ಶಿಲ್ಪನ ಬಾಣಂತನಕ್ಕೆ. ಬರೋದು ಯಾವಾಗ್ಲೋ." ಟಾರ್ಪಾಲು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋದರು. ನಾನು ಮಾಡಿಟ್ಟ ಕಾಫಿಯನ್ನು ನಾನೇ ಎರಡು ಲೋಟಕ್ಕೆ ಬಗ್ಗಿಸಿ, ಎರಡನ್ನೂ ಕುಡಿದೆ.

ಮಾರನೇ ದಿನ ಡೈರಿ ಹತ್ತಿರ ಓಡಿದೆ. ಅನುಸೂಯಮ್ಮ ಕಂಬಿ ಹಿಡಿದರು, ನಾನು ಬಾಯಿ ಮುಚ್ಚಿಕೊಂಡು ಹೊಡೆದೆ ಎಂದೆ. ಚಿರತೆಗೂ ಅಷ್ಟು ನಗದವರು ಇದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲೇ ಕೊಂಡಪ್ಪ, ಇಷ್ಟು ದಿನ ಹೇಳಿದ್ದೆಲ್ಲ ನಂಬಿದ್ರೂ ನಂಬ್ತೀನಿ, ನೀನು ಬಾಯ್ಮುಚ್ಕೊಂಡಿದ್ದೆ ಅನ್ನೋದೊಂದು ನಂಬಲ್ಲ" ಎಂದ ಮುನಿರಾಮಯ್ಯ.

ಅವತ್ತು ನನಗೆ ನಗಲಾಗಲಿಲ್ಲ.

ಅದಕ್ಕೇ ನಿಮಗೆ ಹೇಳಿದೆ. ನೀವು ಮೊದಲಿಂದ ಕೊನೆವರೆಗೆ ತಲೆಯಾಡಿಸುತ್ತಾ ಕೇಳಿದಿರಿ, ನಡುವೆ ಒಮ್ಮೆಯೂ ಬಿಡು ಸಾಕು ಎನ್ನಲಿಲ್ಲ. ಅಂದರೆ ನಂಬಿದಿರಿ. ನಂಬಿಲ್ಲ ಎನ್ನುವುದಾದರೆ ಈಗಲೇ ನನ್ನ ಮುಖ ನೋಡಿ ಹೇಳಿಬಿಡಿ.

ಹೇಳಲಿಲ್ಲ ತಾನೆ? ಹಾಗಾದರೆ ಏಳಿ, ಅಂಗಿ ತೋಳು ಮಡಿಸಿ. ಬಲಗಡೆ ಪಿನ್ನು ಇನ್ನೂ ಕಚ್ಚಿಕೊಂಡೇ ಇದೆ. ಇಗೋ ಕಂಬಿ, ಎರಡೂ ಕೈಯಲ್ಲಿ ಹಿಡಿಯಿರಿ.