ಒಂದು ಗೇಣು ಜಾಗ

ಕನ್ನಡಿಯಲ್ಲಿ ಅತ್ತೆ ಕಾಣುವುದಿಲ್ಲ, ಕಾರಿನ ಸೂರು ಕಾಣುತ್ತದೆ, ಸೂರಿನ ಪುಟ್ಟ ದೀಪ, ಅದರ ಗಾಜಿನೊಳಗೆ ಯಾವಾಗಲೋ ಹೊಕ್ಕು ಅಲ್ಲೇ ಸತ್ತ ಒಂದು ಸೊಳ್ಳೆ — ಇವರು ಇಷ್ಟನ್ನೇ ನೋಡಿಕೊಂಡು ಗಾಡಿ ಓಡಿಸುತ್ತಿದ್ದರೇನು, ಇಲ್ಲ, ಇವರ ಕಣ್ಣು ನನ್ನ ನೆತ್ತಿಗಿಂತ ಮೇಲಿರುತ್ತಿತ್ತು, ಅಲ್ಲಿಂದ ಹಿಂದಿನ ಗಾಜು, ಗಾಜಿನಾಚೆಯ ರಸ್ತೆ, ಹಿಂದೆ ಕೂತ ಅಮ್ಮನ ಮುಖ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಕನ್ನಡಿಯದೇನೂ ತಪ್ಪಿಲ್ಲ, ಕುಳ್ಳಿ ನಾನು. ಕೀಲಿ ತಿರುಗಿಸಿದೆ. ಕೆಂಪು ದೀಪ ಬಂತು, ಹಳದಿ ದೀಪ ಬಂತು, ಮುಳ್ಳುಗಳು ಒಮ್ಮೆ ಮೈಮುರಿದೆದ್ದು ಮತ್ತೆ ಮಲಗಿದವು, ಅಷ್ಟೇ, ಆಮೇಲೆ ಒಂದು ಸದ್ದಿಲ್ಲ, ಕೆಮ್ಮಿಲ್ಲ, ಗೊರಗೊರ ಇಲ್ಲ, ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ ಅಂತ ಕೂತಿದೆ. ಬೆನ್ನಿಗೆ ಎರಡು ಗಟ್ಟಿ ಗುಂಡುಗಳು ಒತ್ತುತ್ತಿವೆ, ಸೀಟಿನ ಹಿಂದಿನಿಂದ, ನಾನು ಇಟ್ಟುಕೊಂಡ ದಿಂಬನ್ನೂ ದಾಟಿ, ಅತ್ತೆಯ ಮೊಣಕಾಲು. ಆ ಪಕ್ಕಕ್ಕೆ ಸರಿದು ಕೂತರೆ ಕಾಲು ಚಾಚಲು ಬೇಕಾದಷ್ಟು ಜಾಗವಿದೆ, ಆದರೆ ಅವರು ಸರಿಯುವುದಿಲ್ಲ, ಯಾವತ್ತೂ ಸರಿದವರಲ್ಲ, ಮಗನ ಬೆನ್ನ ಹಿಂದೆಯೇ ಅವರ ಜಾಗ. ಮೊಣಕಾಲು ನುಜ್ಜುಗುಜ್ಜಾಯ್ತು ಕಣೋ, ಸೀಟು ಮುಂದಕ್ಕೆ ಎಳ್ಕೊಳ್ಳೋ — ಮುಂದಕ್ಕೆ ಎಳೆದರೆ ನನ್ನ ಕಾಲನ್ನ ಬಾನೆಟ್ ಮೇಲೆ ಇಟ್ಕೋಬೇಕಾಗುತ್ತಮ್ಮ — ಹುಟ್ಟಿದಾಗಲೇ ನಿನ್ನ ಒಂದು ತುಂಡು ಕತ್ತರಿಸಿ ಎತ್ತಿಡಬೇಕಿತ್ತು ನಾನು — ಗೇಟು ದಾಟುವುದರೊಳಗೆ ಈ ಜಗಳ ಆಗಲೇಬೇಕು, ಆಗದಿದ್ದರೆ ಗಾಡಿ ಹೊರಟ ಹಾಗೆಯೇ ಅನಿಸುತ್ತಿರಲಿಲ್ಲ ನಮಗೆ. ಇವತ್ತು ಅತ್ತೆ ಮಾತಾಡಲಿಲ್ಲ. ಗೋಡೆ ಹಿಡಿದುಕೊಂಡು ಬಂದರು, ಬಾಗಿಲು ತಡಕಿದರು, ಕೂತರು, ಮೊಣಕಾಲು ತಂದು ಸೀಟಿನ ಬೆನ್ನಿಗೆ ಆನಿಸಿದರು.

ಬ್ಯಾಟರಿ ಅಲ್ಲ, ಬ್ಯಾಟರಿ ಆಗಿರಲು ಸಾಧ್ಯವೇ ಇಲ್ಲ, ನಿನ್ನೆಯಷ್ಟೇ ಮೆಕ್ಯಾನಿಕ್ ಬಂದು ಚಾರ್ಜ್ ಮಾಡಿದ್ದನ್ನು ಕೂರಿಸಿ ಹೋಗಿದ್ದಾನೆ, ಹಾರನ್ ಒತ್ತಿ ನೋಡಿದೆ, ಬೀದಿ ನಾಯಿ ಎದ್ದು ಓಡುವ ಹಾಗೆ ಕೂಗಿತು. ಪೆಟ್ರೋಲ್ ಇದೆ, ಮುಳ್ಳು ಅರ್ಧದ ಹತ್ತಿರ ನಿಂತಿದೆ, ಇವರೇ ಹಾಕಿಸಿದ ಪೆಟ್ರೋಲು. ಗೇರು ನಡುವೆ ಇದೆ, ಅಲ್ಲಾಡಿಸಿ ನೋಡಿದ್ದೇನೆ. ಸ್ಟಾರ್ಟ್ ಮಾಡಿ ತೋರಿಸ್ಬಿಟ್ಟು ಹೋಗ್ತೀನಿ ಅಕ್ಕ ಅಂತ ನಿನ್ನೆ ಅವನು ಬಾಗಿಲಿಗೆ ಕೈ ಹಾಕಿದ, ಒಂದು ಕಾಲು ಒಳಗಿಟ್ಟೇಬಿಟ್ಟಿದ್ದ, ನಾನೇ ಬೇಡ ಅಂದೆ, ಅಂದದ್ದು ಸ್ವಲ್ಪ ಜೋರಾಗಿಯೇ ಬಂತು, ನಾನೇ ಮಾಡ್ಕೋತೀನಿ ಬಿಡು ಅಂದೆ, ಅವನು ಕಾಲು ಹಿಂದಕ್ಕೆ ತೆಗೆದುಕೊಂಡು ಕೈಯ ಗ್ರೀಸು ಒರೆಸಿಕೊಳ್ಳುತ್ತ ನನ್ನ ಮುಖ ನೋಡಿದ. ಇವರು ಹೋದಮೇಲೆ ಯಾರೂ ಕೂತಿಲ್ಲ ಈ ಸೀಟಿನಲ್ಲಿ. ಆ ಸಂಜೆ ಇವರು ಗಾಡಿ ತಂದು ನಿಲ್ಲಿಸಿ, ಬಾಗಿಲು ಹಾಕಿ, ಹಾಕಿದೆನೋ ಇಲ್ಲವೋ ಅಂತ ಎಂದಿನಂತೆ ಇನ್ನೊಮ್ಮೆ ಎಳೆದು ನೋಡಿ ಒಳಗೆ ಬಂದರು, ಎದೆ ಯಾಕೋ ಉರೀತಿದೆ ಕಣೇ, ನೀರು ಕೊಡು, ಅಂದರು, ನಾನು ನೀರು ತರುವಷ್ಟರಲ್ಲಿ ಹೊಲಿಗೆ ಯಂತ್ರದ ಮೇಲೆ ಕೈಯೂರಿ ಬಾಗಿ ನಿಂತಿದ್ದರು, ಯಂತ್ರದಲ್ಲಿ ಯಾರದೋ ಅಂಗಿಯ ತೋಳು ಸೂಜಿಗೆ ಸಿಕ್ಕಿಕೊಂಡು ಹಾಗೇ ಇತ್ತು. ಆಂಬುಲೆನ್ಸಿನವರ ಸ್ಟ್ರೆಚರೂ ಇವರಿಗೆ ಗಿಡ್ಡವಾಯಿತು, ಎರಡು ಪಾದ ಹೊರಗೆ. ಬೀದಿಯವರೆಲ್ಲ ಇವರನ್ನು ಏಣಿ ಅಂತಲೇ ಕರೆಯುತ್ತಿದ್ದರು, ಕೆಲಸದ ಗೋದಾಮಿನಲ್ಲಿ ಮೇಲಿನ ಹಲಗೆಯಿಂದ ಸಾಮಾನು ತೆಗೆಯಲು ಇವರಿಗೆ ಸ್ಟೂಲು ಬೇಡ, ನಮ್ಮ ಮನೆಯಲ್ಲಿ ಬಲ್ಬು ಹಾಕಲು ಏಣಿ ಬೇಡ, ಈಗ ನಡುಮನೆಯ ಬಲ್ಬು ಹೋಗಿದೆ, ಹೋಗಲಿ ಅಂತ ಬಿಟ್ಟಿದ್ದೇನೆ, ಅತ್ತೆಗೆ ಹೇಗೂ ಕಾಣುವುದಿಲ್ಲ, ನನಗೆ ನೋಡಬೇಕಾದದ್ದು ಏನಿದೆ. ತಲೆಯ ಮೇಲೆ ಸೂರಿನ ಬಟ್ಟೆಯಲ್ಲಿ ಅಂಗೈಯಗಲದ ಜಿಡ್ಡಿನ ಗುರುತು, ಇವರ ಕೂದಲು ತಾಗಿ ತಾಗಿ ಆದದ್ದು, ಸೋಪು ಹಾಕಿ ಉಜ್ಜುತ್ತೇನೆ ಅಂತ ಎಷ್ಟು ಸಲ ಹೇಳಿದ್ದೆ, ಉಜ್ಜಲಿಲ್ಲ, ಪುಣ್ಯ. ಕೈ ಎತ್ತಿದೆ, ಕೂತಲ್ಲಿಂದ ನನ್ನ ಬೆರಳು ಅಲ್ಲಿಗೆ ಎಟಕುವುದಿಲ್ಲ.

ಕಣ್ಣಿನ ಆಸ್ಪತ್ರೆಯ ನರ್ಸು ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ದಳು, ಹೊರಟ್ರಾ ಮೇಡಂ, ಇವತ್ತು ಬರದಿದ್ರೆ ಡಾಕ್ಟ್ರು ರಜಾ ಹೋಗ್ತಾರೆ, ಆಮೇಲೆ ಯಾವಾಗ ಸಿಗ್ತಾರೋ ಹೇಳಕ್ಕಾಗಲ್ಲ, ಪೊರೆ ಆಗಲೇ ಗಟ್ಟಿಯಾಗಿದೆ, ಇನ್ನೂ ತಡ ಮಾಡಿದ್ರೆ ನಮ್ಮ ಕೈಲಿ ಇರಲ್ಲ. ಅತ್ತೆಗೆ ಇರುವುದೊಂದೇ ಕಣ್ಣು, ಇನ್ನೊಂದು ಚಿಕ್ಕಂದಿನಲ್ಲೇ ಹೋದದ್ದು, ಆ ಒಂದರಲ್ಲೇ ಮಗನನ್ನು ಸಾಕಿದರು, ಆ ಒಂದರಲ್ಲೇ ನನ್ನ ಹೊಲಿಗೆಯಲ್ಲಿ ಹುಳುಕು ಹುಡುಕಿದರು, ಈಗ ಅದರ ಮೇಲೂ ಹಾಲಿನ ಕೆನೆ ಕಟ್ಟಿದ ಹಾಗೆ ಕಟ್ಟಿದೆ. ಆಪರೇಷನ್ನಿನ ದಿನ ಒಂದು ಸಲ ತಪ್ಪಿತು, ಆ ದಿನ ಅಮ್ಮನನ್ನು ಕರೆದುಕೊಂಡು ಹೋಗಬೇಕಾದವರನ್ನೇ ನಾವು ಮಸಣದಲ್ಲಿ ಬಿಟ್ಟು ಬಂದಿದ್ದೆವು. ಟ್ಯಾಕ್ಸಿ ಕರೀಲಾ ಅತ್ತೆ ಅಂತ ನಿನ್ನೆಯೂ ಕೇಳಿದೆ, ಇವತ್ತೂ ಕೇಳಿದೆ. ಅವನು ತನ್ನ ಗಾಡೀಲಿ ಕರ್ಕೊಂಡು ಹೋಗ್ತೀನಿ ಅಂದಿದ್ದ, ಅದರಲ್ಲಾದ್ರೆ ಬರ್ತೀನಿ, ಇಲ್ಲಾಂದ್ರೆ ನನಗೆ ಕಣ್ಣೇ ಬೇಡ, ನೋಡೋದಕ್ಕೆ ಯಾರಿದ್ದಾರೆ ಅಂದರು. ನಾನಿದ್ದೇನಲ್ಲ ಅನ್ನಬೇಕು ಅನಿಸಿತು, ಅನ್ನಲಿಲ್ಲ, ಹಾಗೆಲ್ಲ ಅಂದು ಅಭ್ಯಾಸವಿಲ್ಲ ನಮಗಿಬ್ಬರಿಗೂ. ಕಪ್ಪು ಕನ್ನಡಕ ಹಾಕಿಕೊಂಡೇ ಕೂತಿದ್ದಾರೆ, ಆಪರೇಷನ್ ಆದಮೇಲೆ ಬೇಕಾಗುತ್ತೆ ಅಂತ ಇವರು ಮುಂಚೆಯೇ ತಂದಿಟ್ಟದ್ದು, ಅರ್ಧ ಮುಖ ಮುಚ್ಚುತ್ತದೆ, ತಮ್ಮ ಅಳತೆಗೇ ತಂದಿದ್ದಾರೆ ಮಹಾರಾಯರು.

ಅಳತೆ ನನಗೆ ಚೆನ್ನಾಗಿ ಗೊತ್ತು, ಬೇರೆ ಏನೂ ಗೊತ್ತಿಲ್ಲದಿದ್ದರೂ. ಅಂಗಡಿಯ ಪ್ಯಾಂಟು ಯಾವುದೂ ಇವರ ಕಣಕಾಲು ಮುಟ್ಟುತ್ತಿರಲಿಲ್ಲ, ಮದುವೆಯಾದ ಹೊಸದರಲ್ಲೇ ಮಡಿಕೆ ಬಿಚ್ಚಿ ಇಳಿಸಿದೆ, ಸಾಲಲಿಲ್ಲ, ಆಮೇಲೆ ಎಲ್ಲವನ್ನೂ ನಾನೇ ಹೊಲಿದೆ, ಹಲಗೆಯ ಮೇಲೆ ಬಟ್ಟೆ ಹಾಸಿ ಟೇಪು ಹಿಡಿಯದೆಯೇ ಕತ್ತರಿ ಹಾಕುತ್ತಿದ್ದೆ, ನನ್ನ ಕಾಲಿಗಿಂತ ಒಂದು ಗೇಣು ಉದ್ದ, ನನ್ನದೇ ಗೇಣು, ಹೆಬ್ಬೆರಳಿನಿಂದ ಕಿರುಬೆರಳಿಗೆ. ಆ ಒಂದು ಗೇಣೇ ಈಗ ನನ್ನ ಪಾದಕ್ಕೂ ಕ್ಲಚ್ಚಿಗೂ ನಡುವೆ ಇರುವುದು — ಇಲ್ಲ, ಅಷ್ಟಿಲ್ಲ, ನಾನು ಸೀಟಿನ ತುದಿಗೆ ಬಂದು ಕೂತಿದ್ದೇನೆ, ಬೆನ್ನಿಗೆ ದಿಂಬು ಕೊಟ್ಟುಕೊಂಡಿದ್ದೇನೆ, ಕಾಲು ಪೆಡಲಿಗೆ ತಾಗುತ್ತದೆ, ಒತ್ತುತ್ತದೆ, ಒತ್ತಿದಷ್ಟೂ ಹತ್ತಿಯ ದಿಂಬು ಹಿಂದಕ್ಕೆ ಕುಸಿಯುತ್ತದೆ, ಕುಸಿದಾಗ ಅತ್ತೆಯ ಮೊಣಕಾಲು ಇನ್ನೂ ಗಟ್ಟಿಯಾಗಿ ಸಿಗುತ್ತದೆ. ಕೀಲಿ ತಿರುಗಿಸಿದೆ. ದೀಪ, ಮುಳ್ಳು, ಮೌನ. ಮೆಕ್ಯಾನಿಕ್‌ಗೆ ಫೋನ್ ಹಚ್ಚಿದೆ. ದೀಪ ಬರ್ತಿದೆಯಾ ಅಕ್ಕ, ಬರ್ತಿದೆ, ಕಟ್ ಅಂತ ಸದ್ದೇನಾದ್ರೂ, ಏನೂ ಇಲ್ಲ, ಹಾಗಿದ್ರೆ ಕ್ಲಚ್ಚು, ಪೂರ್ತಿ ಒತ್ತಿದ್ರಾ, ಒತ್ತಿದೀನಪ್ಪ, ನೆಲಕ್ಕೆ ತಾಗಬೇಕು ಅಕ್ಕ, ಆ ಗಾಡಿ ಹಾಗೇನೆ, ಕ್ಲಚ್ಚಿನ ಕೆಳಗೆ ಒಂದು ಸ್ವಿಚ್ ಇದೆ, ಅದು ಅಮುಕೋವರೆಗೂ ಉಸಿರೇ ಬಿಡಲ್ಲ — ಅವನ ಕಡೆ ಯಾವುದೋ ಎಂಜಿನ್ ಓಡುತ್ತಿತ್ತು — ಆಮೇಲೆ ಮೆತ್ತಗೆ ಕೇಳಿದ, ಸೀಟು ಹಾಗೇ ಇದೆಯಾ ಅಕ್ಕ. ಹಾಗೇ ಇದೆ ಅಂದೆ. ನಾನು ಬರ್ಲಾ, ಆದ್ರೆ ಕೈಲೊಂದು ಗಾಡಿ ಬಿಚ್ಚಿ ಹಾಕಿದೀನಿ, ಮಧ್ಯಾಹ್ನ ಆಗುತ್ತೆ. ಬೇಡಪ್ಪ, ನೋಡ್ತೀನಿ, ಅಂತ ಇಟ್ಟೆ. ಸೀಟು ಎಳೆಯದೆ ಆಗುವುದಿಲ್ಲ ಅಂತ ಗೊತ್ತಿರಲಿಲ್ಲವೇ ನನಗೆ, ಗೊತ್ತಿತ್ತು, ದಿಂಬು ತಂದಾಗಲೇ ಗೊತ್ತಿತ್ತು, ನಿನ್ನೆ ಅವನ ಕಾಲು ಒಳಗೆ ಬಂದಾಗಲೇ. ಈ ಗಾಡಿಯನ್ನು ನಾನು ಓಡಿಸಿದ್ದು ಖಾಲಿ ಮೈದಾನದಲ್ಲಿ, ಇವರು ಪಕ್ಕದಲ್ಲಿ, ಕಾಲೆತ್ತು ಮೇಡಂ ಅನ್ನುತ್ತ ನನ್ನ ಪಾದಗಳ ನಡುವೆ ಬಗ್ಗಿ, ಸೀಟಿನ ಕೆಳಗಿನ ಸರಳನ್ನು ಎತ್ತಿ, ನನ್ನನ್ನೂ ಸೀಟನ್ನೂ ಒಟ್ಟಿಗೆ ಮೇಜಿನ ಡ್ರಾಯರಿನ ಹಾಗೆ ಮುಂದಕ್ಕೆ ಎಳೆಯುವರು, ಕಟಕಟಕಟ, ಈಗ ನೋಡು, ನೆಲ ಸಿಕ್ತಾ, ಸಿಕ್ತು, ಮುಗಿದಮೇಲೆ ಇಳಿ ಇಳಿ ಅಂತ ಇಳಿಸಿ ಒಂದೇ ತಳ್ಳಿಗೆ ಹಿಂದಕ್ಕೆ ಹಾಕಿಕೊಳ್ಳುವರು. ಒಂದೇ ತಳ್ಳಿಗೆ ಅವರ ಜಾಗ ಅವರಿಗೆ ಸಿಗುತ್ತಿತ್ತು. ನನಗೆ ಇವರು ಬೇಕು, ಈಗಲೇ ಬೇಕು, ಬಗ್ಗಿ ಈ ಸರಳನ್ನು ಎತ್ತುವುದಕ್ಕಾದರೂ.

ಕೈ ಕೆಳಗಿಳಿಸಿದರೆ ಸರಳು ಸಿಗುತ್ತದೆ, ತಣ್ಣಗಿದೆ, ಬೆರಳಿಗೆ ಧೂಳು. ಆಮೇಲೆ ಮತ್ತೆ ಹಿಂದಕ್ಕೆ ತಳ್ಳಿದರಾಯಿತಲ್ಲ, ಅದರಲ್ಲೇನಿದೆ, ಸೀಟು ಜಾರುವ ಕಂಬಿಯಲ್ಲಿ ಹಲ್ಲುಗಳಿವೆ, ಇವರದು ಯಾವ ಹಲ್ಲು ಅಂತ ಗುರುತು ಹಾಕಿಕೊಂಡರೆ ಸಾಕು, ಚೀಲದಲ್ಲಿ ಹೊಲಿಗೆಯ ಸುಣ್ಣದ ಬಿಲ್ಲೆ ಇದ್ದೇ ಇರುತ್ತದೆ, ಒಂದು ಗೆರೆ ಎಳೆದರಾಯಿತು, ಕತ್ತರಿಸುವ ಮುಂಚೆ ಎಳೆಯುವುದಿಲ್ಲವೇ ಹಾಗೆ — ಬಿಲ್ಲೆ ತೆಗೆದೆ, ಕೈಯಲ್ಲಿ ಹಿಡಿದುಕೊಂಡೆ, ಗುರುತು ಹಾಕಿ ಏನು ಮಾಡುತ್ತೀಯ, ಹಿಂದಕ್ಕೆ ತಳ್ಳಿ ಯಾರನ್ನು ಕೂರಿಸುತ್ತೀಯ, ಅಂದುಕೊಂಡದ್ದೇ ತಡ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟೆ, ಸದ್ದು ಬರಬಾರದು ಅಂತ ಸೆರಗು ಕಚ್ಚಿಕೊಂಡೇ ಅತ್ತದ್ದು, ಆದರೆ ಕಣ್ಣು ಮಂಕಾದವರ ಕಿವಿ ಸುಮ್ಮನಿರುತ್ತದೆಯೇ. ಹಿಂದೆ ಕನ್ನಡಕ ತೆಗೆದ ಸದ್ದು, ಮಡಚಿದ ಸದ್ದು. ಅವನು ಹತ್ತನೇ ಕ್ಲಾಸಿಗೇ ನನ್ನ ತಲೆ ದಾಟಿ ಬೆಳೆದಿದ್ದ ಕಣೇ, ಅಂದರು, ನನಗಲ್ಲ, ಗಾಜಿನಾಚೆ ಯಾರಿಗೋ ಅಂದ ಹಾಗೆ. ನಾನು ಮೂಗೊರೆಸಿಕೊಂಡೆ. ಆಸ್ಪತ್ರೆಗೆ ಹೊತ್ತಾಯ್ತಲ್ಲ, ಅಂದರು. ಹೂಂ, ಅಂದೆ. ಗಾಡಿ ಕೆಟ್ಟಿಲ್ಲ ಅಲ್ವಾ, ಅಂದರು, ಮೊಣಕಾಲುಗಳು ಬೆನ್ನಿಗೆ ಒಮ್ಮೆ ಗಟ್ಟಿಯಾಗಿ ಒತ್ತಿದವು, ಒತ್ತಿಕೊಂಡೇ ಇದ್ದವು, ಆಮೇಲೆ ಅತ್ತೆ, ಗೇಟು ದಾಟುವ ಮುಂಚಿನ ಅದೇ ಗೊಣಗಿನ ದನಿಯಲ್ಲಿ, ಆದರೆ ದನಿ ನಡುವೆ ಎಲ್ಲೋ ಒಡೆದು, ಸೀಟು ಮುಂದಕ್ಕೆ ಎಳ್ಕೊಳ್ಳೇ, ನನ್ನ ಮೊಣಕಾಲು ನೋಯ್ತಿದೆ, ಅಂದರು.

ಸುಣ್ಣದ ಬಿಲ್ಲೆ ಚೀಲಕ್ಕೆ ಹಾಕಿದೆ. ದಿಂಬು ತೆಗೆದು ಪಕ್ಕದ ಸೀಟಿಗೆ ಹಾಕಿದೆ. ಸರಳು ಎತ್ತಿದೆ, ಬಿಗಿಯಾಗಿತ್ತು, ಎರಡು ಕೈ ಹಾಕಿ ಎತ್ತಿದೆ, ಕಟ ಅಂದಿತು, ಇನ್ನೊಮ್ಮೆ ಕಟ, ಆಮೇಲೆ ಲೆಕ್ಕವಿಲ್ಲದ ಹಾಗೆ ಕಟಕಟ ಮುಂದಕ್ಕೆ ಬಂತು, ಬೆನ್ನಿನಿಂದ ಮೊಣಕಾಲುಗಳು ಕಳಚಿಕೊಂಡವು, ಬೆನ್ನು ಬರಿದಾಯಿತು. ಕಾಲು ನೆಲ ಮುಟ್ಟಿತು. ಕೀಲಿ ತಿರುಗಿಸಿದೆ, ಗಾಡಿ ಒಂದೇ ಏಟಿಗೆ ಹತ್ತಿಕೊಂಡಿತು, ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಗುರುಗುಟ್ಟುತ್ತ ನಿಂತಿತು, ಇವರು ಬಿಟ್ಟುಹೋದ ಪೆಟ್ರೋಲು ಉರಿಯುತ್ತಿದೆ, ಹೊರಡಬೇಕು, ಗೇಟು ತೆರೆದಿದೆ, ಹೊರಡಬೇಕು, ಆರಾಮಾಯ್ತಾ ಅತ್ತೆ ಅಂತ ಕೇಳಿದೆ, ಈಗ ಕಾಲು ಚಾಚಿರುತ್ತಾರೆ, ಉಸ್ಸಪ್ಪಾ ಅನ್ನುತ್ತಾರೆ, ಅನ್ನಲಿಲ್ಲ, ಕನ್ನಡಿಯಲ್ಲಿ ಸೂರು, ದೀಪ, ಸೊಳ್ಳೆ, ತಿರುಗಿ ನೋಡಿದೆ — ಕಾಲು ಚಾಚಿಲ್ಲ, ಮೊಣಕಾಲು ಇದ್ದಲ್ಲೇ ಇದೆ, ಮಡಿಲಲ್ಲಿ ಮಡಚಿದ ಕನ್ನಡಕ, ಬಲಗೈ ಮಾತ್ರ ಮುಂದೆ ಚಾಚಿದ್ದಾರೆ, ಮೊಣಕಾಲಿನ ಮುಂದೆ ಒಂದು ಗೇಣು ಜಾಗ, ಅಲ್ಲಿ ಅಂಗೈ ತಡಕುತ್ತಿದೆ, ಮೇಲೆ, ಕೆಳಗೆ, ಮಗನ ಸೀಟಿನ ಬೆನ್ನು ಇದ್ದ ಕಡೆ, ಇನ್ನೂ ತಡಕುತ್ತಿದೆ, ಅಂಗೈ, ಒಂದು ಗೇಣು, ಬರೀ ಗಾಳಿ, ಅಂಗೈ —