ಹೊರಗೆ ಮಲಗಲೊಂದು ಜಾಗ

ಮಮದಾಪುರದ ನೇತ್ರಾಳಿಗೆ ಬೇಕಾಗಿದ್ದುದು ಬಹಳ ಸಣ್ಣದು. ಎರಡು ರಾತ್ರಿ ಹೊರಗೆ ಮಲಗಲು ಒಂದು ತಾಡಪತ್ರಿ ಅಗಲದ ನೆಲ, ಅಷ್ಟೆ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲ್ಲೂಕಿನಲ್ಲಿ ನೆಲಕ್ಕೇನು ಬರವೇ? ಆದರೂ ಅಷ್ಟು ಜಾಗ ಸಿಗದೆ ಆ ಹುಡುಗಿ ಹತ್ತು ದಿನ ಒದ್ದಾಡಿದಳೆಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ಬಿಡಿ, ಕೇಳುವುದನ್ನಂತೂ ಕೇಳಿ.

ಇದೆಲ್ಲ ಶುರುವಾದದ್ದು ಒಂದು ಅರ್ಜಿಯಿಂದ. ಬೆಳಗಾವಿಯ ಚಾರಣ ಬಳಗವೊಂದು ಮೇ ತಿಂಗಳಲ್ಲಿ ಖಾನಾಪುರದ ಕಾಡಿನಲ್ಲಿ ಹತ್ತು ದಿನದ ಶಿಬಿರ ಇಟ್ಟುಕೊಂಡಿತ್ತು. ಈ ಮೂರು ತಾಲ್ಲೂಕಿನ ಹಳ್ಳಿಗಳಿಂದ ಹದಿನೆಂಟರೊಳಗಿನ ಒಬ್ಬ ಹುಡುಗಿಗೆ ಪುಕ್ಕಟೆ ಪ್ರವೇಶ. ಷರತ್ತು ಇಷ್ಟೇ: ಬಾಡಿಗೆ ಟೆಂಟು ನಡೆಯದು, ಮನೆಯಲ್ಲಿದ್ದ ಸಾಮಾನಿನಲ್ಲಿ ತಾನೇ ಕಟ್ಟಿದ ಗುಡಾರದಲ್ಲಿ ಎರಡು ರಾತ್ರಿ ಬಯಲಿನಲ್ಲಿ ಮಲಗಿರಬೇಕು. ಅದರ ಫೋಟೋ ಬೇಕು, ಹೊಲದ ಮಾಲೀಕರ ಸಹಿ ಬೇಕು. ಪಿಯುಸಿ ಮೊದಲ ವರ್ಷದ ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತಿದ್ದ ನೇತ್ರಾ ಹುಟ್ಟಿದಾಗಿನಿಂದ ಕಬ್ಬು ನೋಡಿದ್ದಳು, ಗೋವಿನಜೋಳ ನೋಡಿದ್ದಳು, ಕಾಡನ್ನು ಮಾತ್ರ ನೋಡಿರಲಿಲ್ಲ. ಆ ಒಂದು ಜಾಗ ತನಗೇ ಸಿಗಬೇಕೆಂದು ಹಟ ಹಿಡಿದಳು.

ಅಪ್ಪ ಮಲ್ಲೇಶ ಎರಡು ದಿನ ಯೋಚಿಸಿ ಹೂಂ ಎಂದ. ನಮ್ಮ ಹೊಲದಲ್ಲಿ ಮಲಗಿದರೆ ಅದೇನು ದೊಡ್ಡ ಸಂಗತಿ ಎಂದು ಬಳಗದವರು ಒಪ್ಪುವುದಿಲ್ಲ, ಗೊತ್ತಿಲ್ಲದವರ ಹೊಲವಾದರೆ ನಾನು ಒಪ್ಪುವುದಿಲ್ಲ, ಬಲ್ಲವರ ಹೊಲ ಹುಡುಕು ಎಂದ. ಗುಡಾರದ ಚಿಂತೆಯನ್ನು ಅಜ್ಜಿ ಅಕ್ಕವ್ವ ಬಗೆಹರಿಸಿದಳು. ಅಟ್ಟದ ಮೇಲಿದ್ದ ಹಳೆಯ ತಾಡಪತ್ರಿಯನ್ನು ಇಳಿಸಿ, ಇಲಿ ಕಡಿದಲ್ಲೆಲ್ಲ ದಬ್ಬಣ ಹಿಡಿದು ಗೋಣಿಯ ತೇಪೆ ಹಾಕಿದಳು. ಕಣ್ಣು ಸರಿಯಾಗಿ ಕಾಣದ ಮುದುಕಿ ಹಾಕಿದ ಹೊಲಿಗೆ ನೆಟ್ಟಗಿರಲಿಲ್ಲ, ಆದರೆ ಗಟ್ಟಿಯಾಗಿತ್ತು.

ಬಲ್ಲವರೆಂದರೆ ಮೊದಲು ನೆನಪಾಗುವುದು ಮಾಮಾನೇ ತಾನೆ? ಮೂಡಲಗಿ ಹತ್ತಿರದ ಹಳ್ಳಿಯ ಸತ್ತೆಪ್ಪ ಮಾಮಾ ಫೋನಿನಲ್ಲಿ ಭಾರೀ ಖುಷಿಯಿಂದ ಒಪ್ಪಿಕೊಂಡ. ಸಂಜೆ ನೇತ್ರಾ ಅರಿಷಿಣ ಕಿತ್ತ ಹೊಲದಲ್ಲಿ ಗುಡಾರ ಕಟ್ಟಿ, ಒಳಗೆ ಕೂತು, ಇನ್ನೇನು ಬುತ್ತಿ ಬಿಚ್ಚಬೇಕು, ಮಾಮಾ ಟ್ರ್ಯಾಕ್ಟರ್ ತೆಗೆದುಕೊಂಡು ಬಂದ. ಹಿಂದೆ ಅತ್ತಿ, ಅತ್ತಿಯ ಕೈಯಲ್ಲಿ ಬ್ಯಾಟರಿ. ಮಾಮಾನ ಮುಖ ನೋಡಿದರೆ ಯಾರೋ ಅವನಿಗೆ ಬೈದು ಕಳಿಸಿದ ಹಾಗಿತ್ತು.

"ಅಕ್ಕನ ಮಗಳನ್ನ ಹೊಲದಾಗ ಮಲಗಿಸಿ ನಾ ಮನ್ಯಾಗ ಹೆಂಗ ಮಲಗ್ಲಿ? ಊರಾಗ ಮಾರಿ ತೋರಿಸಾಕ ಬರ್ತೈತೇನು? ಏಳು."

ಷರತ್ತು ಏನೆಂದು ನೇತ್ರಾ ಹೇಳಿದಳು. ಸಹಿ ಎಷ್ಟು ಬೇಕಾದರೂ ಮಾಡುತ್ತೇನೆ, ಮಲಗುವುದು ಮಾತ್ರ ಮನೆಯಲ್ಲಿ ಎಂದ ಮಾಮಾ. ಆ ರಾತ್ರಿ ಅವಳು ಹೋಳಿಗೆ ತಿಂದು, ಫ್ಯಾನಿನ ಕೆಳಗೆ, ಮೆತ್ತನೆಯ ಗಾದಿಯ ಮೇಲೆ ಸಿಟ್ಟಿನಿಂದ ಮಲಗಿದಳು. ನಿದ್ದೆ ಚೆನ್ನಾಗಿ ಬಂತು ಎನ್ನುವುದು ಇನ್ನೂ ಸಿಟ್ಟಿನ ವಿಷಯ.

ನೆಂಟಸ್ತಿಕೆ ಬಿಟ್ಟು ಗೆಳೆತನ ನೋಡೋಣವೆಂದು ಎರಡನೆಯ ಸಲ ಹುಕ್ಕೇರಿ ಕಡೆಯ ದಡ್ಡಿಗೆ ಹೋದಳು. ಅಲ್ಲಿ ಹೊಳೆಯ ಹತ್ತಿರ ಅಪ್ಪನ ಗೆಳೆಯ ಲಗಮಪ್ಪ ಕಾಕಾನ ಹೊಲವಿತ್ತು. ಕಾಕಾ ತಿಳಿದ ಮನುಷ್ಯ. ಹೊರಗೇ ಮಲಗು, ನಾನೇನು ಮನೆಗೆ ಕರೆಯುವುದಿಲ್ಲ ಎಂದು ಮಾತು ಕೊಟ್ಟ, ಮಾತಿನಂತೆ ನಡೆದ ಕೂಡ. ಮನೆಗೆ ಕರೆಯಲಿಲ್ಲ, ಮನೆಯನ್ನೇ ಹೊಲಕ್ಕೆ ತಂದ. ಮಂಚ ಬಂತು, ಹೂವಿನ ಚಾದರ ಬಂತು, ಸೊಳ್ಳೆಪರದೆ ಬಂತು. ಹುಡುಗಿ ಒಬ್ಬಳೇ ಆಗುತ್ತಾಳೆಂದು ಕಾಕಾನ ಹೆಂಡತಿ ಶೆಟ್ಟೆವ್ವ, ಅವಳ ಇಬ್ಬರು ಸೊಸೆಯಂದಿರು, ಮೊಮ್ಮಕ್ಕಳು ಎಲ್ಲರೂ ಬಂದು ಸುತ್ತ ಮಲಗಿದರು. ಬೆಳಿಗ್ಗೆ ನೇತ್ರಾ ಕಳಿಸಿದ ಫೋಟೋ ನೋಡಿ ಬಳಗದವರು ವಾಟ್ಸಾಪಿನಲ್ಲಿ, ಇದು ಮದುವೆ ಮನೆಯ ಫೋಟೋ ಇದ್ದಂತಿದೆ, ತಪ್ಪಿ ಬಂದಿದೆಯೇ ಎಂದು ಕೇಳಿದರು.

ಅರ್ಜಿ ಮುಟ್ಟಲು ಸೋಮವಾರ ಕಡೆಯ ದಿನ. ಅಂದು ಶುಕ್ರವಾರ. ನೇತ್ರಾ ಅಡುಗೆಮನೆಯಲ್ಲಿ ಕೂತು ಅತ್ತಳು. ಜಗತ್ತಿನಲ್ಲಿ ಪ್ರೀತಿ ಕಡಿಮೆಯಾಗಿದೆ ಎಂದು ಅಳುವವರನ್ನು ಕಂಡಿದ್ದೇವೆ, ಜಾಸ್ತಿಯಾಯಿತೆಂದು ಅತ್ತವಳು ಅವಳೊಬ್ಬಳೇ ಇರಬೇಕು. ರೊಟ್ಟಿ ಬಡಿಯುತ್ತಿದ್ದ ಅಕ್ಕವ್ವ ಕೈ ನಿಲ್ಲಿಸದೆ ಹೇಳಿದಳು.

"ಮನಿ ಇದ್ದವರು ನಿನ್ನ ಹೊರಗ ಮಲಗಾಕ ಬಿಡೂದಿಲ್ಲ. ಮನಿ ಇಲ್ಲದವರ ಹಂತೇಕ ಹೋಗು. ಮಾಳಪ್ಪಗ ಫೋನ್ ಹಚ್ಚು."

ಮಾಳಪ್ಪ ಕುರಿಗಾರ. ವರ್ಷದ ಮುಕ್ಕಾಲು ಭಾಗ ಹೆಂಡತಿ, ಮಗಳು, ಇನ್ನೂರು ಕುರಿ, ಒಂದು ನಾಯಿಯೊಂದಿಗೆ ಊರೂರು ತಿರುಗುವವನು. ಸುಗ್ಗಿ ಮುಗಿದ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸುತ್ತಾನೆ. ಹಿಕ್ಕೆ ಬಿದ್ದು ನೆಲಕ್ಕೆ ಗೊಬ್ಬರವಾಗುತ್ತದೆ, ಹೊಲದವರು ಅವನಿಗೆ ಜೋಳ ಕೊಡುತ್ತಾರೆ. ಮಲ್ಲೇಶನ ಹೊಲದಲ್ಲೂ ಮೂರು ವರ್ಷದಿಂದ ನಿಲ್ಲಿಸುತ್ತಿದ್ದ. ಹಾಗಾಗಿ ಬಲ್ಲವನು ಎಂಬ ಷರತ್ತಿಗೂ ಕುಂದಿಲ್ಲ. ಈಗ ಅವನ ಹಿಂಡು ಯಮಕನಮರಡಿಯ ಹೆದ್ದಾರಿಯಾಚೆ, ದುಂಡಪ್ಪ ಎಂಬವರ ಹೊಲದಲ್ಲಿತ್ತು. ಶನಿವಾರ ಸಂಜೆ ಮಲ್ಲೇಶ ಮಗಳನ್ನು ಬೈಕಿನಲ್ಲಿ ಬಿಟ್ಟುಬಂದ.

ನೇತ್ರಾ ಹೋದವಳೇ ಹೊಲವನ್ನೆಲ್ಲ ಸುತ್ತಿ, ಹುಲ್ಲಿಲ್ಲದ, ಕಲ್ಲಿಲ್ಲದ, ಸಪಾಟಾದ ಒಂದು ಪಟ್ಟಿ ಆರಿಸಿ ತಾಡಪತ್ರಿ ಹಾಸಿದಳು. ಮಾಳಪ್ಪನ ಮಗಳು ಸೀತವ್ವ, ಅವಳದೇ ವಯಸ್ಸಿನವಳು, ಕೈ ಕಟ್ಟಿಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ಜಾಗ ಯಾಕೆ ಸಪಾಟಾಗಿದೆ ಗೊತ್ತೇ ಎಂದು ಕೇಳಿದಳು. ಇನ್ನೂರು ಕುರಿ ದಿನವೂ ಒಳಗೆ ಬರುವ ದಾರಿ ಅದು. ಇನ್ನರ್ಧ ತಾಸು ಅಲ್ಲೇ ಕೂತಿದ್ದರೆ ನೇತ್ರಾಳೂ ಸಪಾಟಾಗುತ್ತಿದ್ದಳು.

ಅಲ್ಲಿಂದ ಮುಂದೆ ಸೀತವ್ವನೇ ಗುರು. ಗಾಳಿ ಬೀಸುವ ಕಡೆಗೆ ತಾಡಪತ್ರಿಯ ತಗ್ಗು ಬದಿ ಇರಬೇಕು. ಎರೆ ನೆಲ ಒಣಗಿ ಕಲ್ಲಾದಾಗ ಗೂಟ ಇಳಿಯುವುದಿಲ್ಲ, ಹಗ್ಗಕ್ಕೆ ದೊಡ್ಡ ಕಲ್ಲು ಕಟ್ಟಬೇಕು. ಬೇವಿನ ಮರದ ಕೆಳಗೆ ನೆರಳಿದೆ ಎಂದು ಹೋಗಬಾರದು, ಮೊದಲು ಇರುವೆಯ ಸಾಲು ಎಲ್ಲಿದೆ ನೋಡಬೇಕು. ಇದನ್ನೆಲ್ಲ ಅವಳು ಹೇಳಿದ್ದಕ್ಕಿಂತ ಮಾಡಿ ತೋರಿಸಿದ್ದೇ ಹೆಚ್ಚು. ಕತ್ತಲಾಗುವುದರೊಳಗೆ ಕುರಿಗಾರರ ಕಂಬಳಿಯ ಗುಡಾರದ ಬಾಜೂಕ್ಕೆ ಗೋಣಿ ತೇಪೆಯ ಗುಡಾರವೂ ನಿಂತಿತು. ಯಾರೂ ಮಂಚ ತರಲಿಲ್ಲ, ಯಾರೂ ಏಳು ಎನ್ನಲಿಲ್ಲ. ಮಾಳಪ್ಪನ ಹೆಂಡತಿ ಕೆಂಪವ್ವ ಬಿಸಿ ರೊಟ್ಟಿ, ನಂಜಿಕೊಳ್ಳಲು ಖಾರದ ಹಿಂಡಿ ಕೊಟ್ಟಳು. ಅಷ್ಟು ಸುಖವಾದ ರಾತ್ರಿಯನ್ನು ನೇತ್ರಾ ಅದುವರೆಗೆ ಕಂಡಿರಲಿಲ್ಲ. ಕುರಿಗಳ ಉಸಿರು ಕೇಳುತ್ತ ಮಲಗಿದವಳಿಗೆ ಬೆಳಗಾದದ್ದೇ ತಿಳಿಯಲಿಲ್ಲ.

ರವಿವಾರ ಬೆಳಿಗ್ಗೆ ಹೊಲದ ದುಂಡಪ್ಪ ಜೋಳದ ಚೀಲ ಹೇರಿಕೊಂಡು ಬೈಕಿನಲ್ಲಿ ಬಂದರು. ಹಣೆಯ ಮೇಲೆ ವಿಭೂತಿ, ಬಾಯಿತುಂಬ ನಗು. ನೋಡಿದ ಕೂಡಲೇ ನೇತ್ರಾ ಒಂದು ಹೆಜ್ಜೆ ಹಿಂದೆ ಸರಿದಳು. ಇಂಥ ನಗುವಿನ ಮನುಷ್ಯರೇ ಅವಳ ಕೆಲಸವನ್ನು ಎರಡು ಸಲ ಕೆಡಿಸಿದ್ದರು. ಮಮದಾಪುರದ ಮಲ್ಲೇಶನ ಮಗಳು ಎಂದು ಒಂದು ಮಾತು ಬಾಯಿಂದ ಬಿದ್ದರೆ ಸಾಕು, ಇವರು ಎರಡು ನಿಮಿಷದಲ್ಲಿ ಎಲ್ಲಿಂದಲಾದರೂ ಒಂದು ಬೀಗತನ ಹುಡುಕಿ, ಚಹಾಕ್ಕೆ ಕರೆದು, ಊಟಕ್ಕೆ ನಿಲ್ಲಿಸಿ, ರಾತ್ರಿ ಗಾದಿ ಹಾಸುತ್ತಾರೆ. ಇನ್ನೊಂದು ರಾತ್ರಿ ಬಾಕಿಯಿತ್ತು. ಸಹಿಯೂ ಅವರದೇ ಬೇಕು.

"ಈಕಿ ಯಾರ ಪೈಕಿ?" ಎಂದು ದುಂಡಪ್ಪ ಕೇಳಿದರು.

ಅಪ್ಪನ ಹೆಸರು ಅಭ್ಯಾಸದಿಂದ ನೇತ್ರಾಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಕೆಂಪವ್ವ, ಜೋಳದ ಚೀಲ ಇಳಿಸುತ್ತ, ತಲೆ ಕೂಡ ಎತ್ತದೆ ಅಂದಳು: "ನಮ್ಮಾಕಿನ ರೀ."

ದುಂಡಪ್ಪ ಹೌದಾ ಎಂದರು. ನೇತ್ರಾ ಹಾಳೆ ಮುಂದೆ ಹಿಡಿದಾಗ, ಎರಡು ರಾತ್ರಿ ನಿಮ್ಮ ಹೊಲದಲ್ಲಿ ಮಲಗುವುದಕ್ಕೆ ಸಹಿ ಬೇಕಿತ್ತು ಎಂದಾಗ, ಕುರಿ ನಾಳೆಯವರೆಗೆ ಇಲ್ಲೇ ಇರುತ್ತವಲ್ಲ ಎಂದು ಬೈಕಿನ ಸೀಟಿನ ಮೇಲೆ ಇಟ್ಟು ಸಹಿ ಮಾಡಿದರು. ಚೆನ್ನಾಗಿ ಓದು ಎಂದು ಹರಸಿದರು. ಬೈಕು ಹತ್ತಿ ಹೋದರು.

ನೇತ್ರಾ ನಿಂತೇ ಇದ್ದಳು. ಮನೆಗೆ ಬಾ ಎಂದು ಈಗ ಕರೆಯುತ್ತಾರೆ, ಈಗ ಕರೆಯುತ್ತಾರೆ ಎಂದು, ಬೇಡವೆನ್ನಲು ಮಾತನ್ನು ಸಜ್ಜು ಮಾಡಿಕೊಂಡಿದ್ದಳು. ಆ ಮಾತು ಬಾಯಲ್ಲೇ ಉಳಿಯಿತು. ಹುಟ್ಟಿದ ಮೇಲೆ ಮೊದಲ ಸಲ ಯಾರೋ ಅವಳನ್ನು ಚಹಾಕ್ಕೆ ಕರೆಯದೆ ಹೋಗಿದ್ದರು. ಬೇಕಾಗಿದ್ದುದು ಅದೇ, ಆದರೂ ಒಳಗೆಲ್ಲೋ ಚುರ್ ಎಂದಿತು. ಇವರು ನಿಮ್ಮನ್ನು ಮನೆಗೆ ಕರೆಯುವುದಿಲ್ಲವೇ ಎಂದು ಸೀತವ್ವನನ್ನು ಕೇಳಿದಳು. ಯಾಕೆ ಕರೆಯುತ್ತಾರೆ, ಜಾಗ ಕೊಟ್ಟಿದ್ದಾರಲ್ಲ ಎಂದು ಸೀತವ್ವ ಕುರಿಮರಿ ಹಿಡಿಯಲು ಓಡಿದಳು.

ಎರಡನೆಯ ರಾತ್ರಿಯೂ ಕಳೆಯಿತು. ಸೋಮವಾರ ಬೆಳಿಗ್ಗೆ ನೇತ್ರಾ ಫೋಟೋ, ಸಹಿ ಎರಡನ್ನೂ ಕಳಿಸಿದಳು. ಮಾಳಪ್ಪ ಕಂಬಳಿ ಸುತ್ತುವುದರೊಳಗೆ ಉತ್ತರ ಬಂತು: ಬೇರೆ ಯಾರೂ ಎರಡು ರಾತ್ರಿ ಪೂರೈಸಿಲ್ಲ, ಜಾಗ ನಿನ್ನದೇ. ಅವಳು ಕುಣಿದಾಡಿ, ಸೀತವ್ವನನ್ನು ತಬ್ಬಿಕೊಂಡು, ಮುಂದಿನ ಸಲ ಮಮದಾಪುರಕ್ಕೆ ಬಂದಾಗ ನಮ್ಮ ಮನೆ ನೋಡಲು ಬರಲೇಬೇಕು ಎಂದಳು. ಸೀತವ್ವ ನಕ್ಕಳು.

"ನಿಮ್ಮ ಮನಿ ನೋಡೇನಲ್ಲಾ. ಮೂರು ವರ್ಸ ನಿಮ್ಮ ಕಟ್ಟಿ ಮ್ಯಾಲ ಕುಂತು ಅಜ್ಜಿ ಕಡೆ ಜ್ವಾಳಾ ಇಸ್ಕೊಂಡ ಹೋಗೇನಿ. ನೀ ಒಳಗ ಫೋನ್ ನೋಡ್ಕೋತ ಕುಂತಿರ್ತಿದ್ದಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಮೂರು ವರ್ಷ, ಬಾಗಿಲ ಆಚೆಗೆ ಇದೇ ಹುಡುಗಿ ಕೂತಿದ್ದಳು, ನೇತ್ರಾ ಒಂದು ಸಲವೂ ಅವಳನ್ನು ಕಣ್ಣೆತ್ತಿ ನೋಡಿರಲಿಲ್ಲ.

"ಈ ಸಲ ಒಳಗ ಬಾ," ಎಂದಳು ನೇತ್ರಾ. "ರಾತ್ರಿ ನನ್ನ ಬಾಜೂ ಮಲಗು."

ಸೀತವ್ವ ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದಳು.

"ಮಲಗೂದು ಬ್ಯಾಡ. ಗ್ವಾಡಿ ನಡುವ ನಂಗ ನಿದ್ದಿ ಹತ್ತೂದಿಲ್ಲ. ಊಟಕ್ಕ ಬರ್ತೇನಿ. ಒಳಗ ಕುಂತು ಉಣ್ತೇನಿ."

ಅಷ್ಟು ಹೇಳಿ ಅವಳು ಸೀಟಿ ಊದಿದಳು. ಹಿಂಡು ಎದ್ದು, ಮುಂದಿನ ಹೊಲದ ಕಡೆಗೆ ಹೊರಟಿತು.